ಸಾಂಕ್ರಾಮಿಕದ ನಡುವೆ ರೈಲು: ಹತ್ತಬಹುದೇ, ಅಸಲಿಗೆ ಓಡುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ಶ್ವಾಸಕೋಶದ ಹಳೆಯ ಕಾಯಿಲೆ ಇದೆ. ಎರಡು ತಿಂಗಳಿಗೊಮ್ಮೆ ತಜ್ಞ ವೈದ್ಯರಿಗೆ ತೋರಿಸಲು ರಾತ್ರಿ ರೈಲಿನಲ್ಲಿ ಹತ್ತು ಗಂಟೆ ಕರೆದುಕೊಂಡು ಹೋಗಬೇಕು. ಕೋವಿಡ್ ಬಂದಾಗ ಮೊದಲು ರೈಲೇ ನಿಂತುಹೋಯಿತು. ಮತ್ತೆ ಶುರುವಾದಾಗ ಹತ್ತಲು ಧೈರ್ಯ ಬರಲಿಲ್ಲ. ಎಸಿ ಬೋಗಿಯಲ್ಲಿ ಒಬ್ಬರು ಕೆಮ್ಮಿದರೆ ಎಲ್ಲರಿಗೂ ಅಂಟುತ್ತದೆ ಎಂದು ಒಬ್ಬರು ಹೇಳಿದರೆ, ಎಸಿ ಬೋಗಿಯೇ ವಾಸಿ ಎನ್ನುತ್ತಾರೆ ಇನ್ನೊಬ್ಬರು. ಜ್ವರ ತಪಾಸಣೆ, ಔಷಧಿ ಸಿಂಪಡಣೆ, ಸೀಟು ಬಿಟ್ಟು ಸೀಟು ಕೂರಿಸುವುದು, ಇವುಗಳಲ್ಲಿ ನಿಜಕ್ಕೂ ಉಪಯೋಗವಾದದ್ದು ಯಾವುದು? ಇನ್ನೊಂದು ಸಾಂಕ್ರಾಮಿಕ ಬಂದರೆ ರೈಲನ್ನು ನಂಬಬಹುದೇ, ಅಥವಾ ಈಗಲೇ ಸಾಲ ಮಾಡಿ ಕಾರು ತೆಗೆದುಕೊಳ್ಳುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದೊಳಗೆ ಎರಡು ಚಿಂತೆಗಳಿವೆ. ಬೋಗಿಯೊಳಗೆ ಸೋಂಕು ತಗಲೀತು ಎಂಬುದು ಒಂದು. ಬೇಕಾದ ದಿನ ರೈಲೇ ಇರದಿದ್ದರೆ ಎಂಬುದು ಇನ್ನೊಂದು. ಮೊದಲನೆಯದನ್ನು ವೈದ್ಯರ ಪಾಲಿಗೆ, ಎರಡನೆಯದನ್ನು ಸರ್ಕಾರದ ಪಾಲಿಗೆ ಬಿಡುವುದು ರೂಢಿ. ಆದರೆ ಒಂದರ ಕಷ್ಟ ಇನ್ನೊಂದನ್ನು ಹೆಚ್ಚಿಸುತ್ತದೆ. ಜನ ಕಡಿಮೆಯಾದರೆಂದು ರೈಲುಗಳನ್ನು ಕಡಿತ ಮಾಡಿದರೆ ಉಳಿದ ರೈಲುಗಳು ತುಂಬುತ್ತವೆ. ತುಂಬಿದ ಬೋಗಿಯಲ್ಲಿ ತಲಾ ಸಿಗುವ ಗಾಳಿ ಕಡಿಮೆಯಾಗುತ್ತದೆ. ಹೆದರಿ ಇನ್ನಷ್ಟು ಜನ ರೈಲು ಬಿಡುತ್ತಾರೆ. ಸಾಂಕ್ರಾಮಿಕ ಕಾಲದಲ್ಲಿ ರೈಲನ್ನು ಉಳಿಸುವುದೂ ಕೆಡಿಸುವುದೂ ಎರಡು ಅಂಕಿಗಳು: ಒಬ್ಬ ಪ್ರಯಾಣಿಕನಿಗೆ ಸೆಕೆಂಡಿಗೆ ಎಷ್ಟು ಲೀಟರ್ ತಾಜಾ ಗಾಳಿ, ದಿನಕ್ಕೆ ಎಷ್ಟು ರೈಲು.

ರೈಲಿನಲ್ಲಿ ಸೋಂಕು ಹೇಗೆ ಹರಡುತ್ತದೆ ಎಂಬುದಕ್ಕೆ ಒಳ್ಳೆಯ ದಾಖಲೆ ಚೀನಾದ್ದು. 2019ರ ಡಿಸೆಂಬರ್‌ನಿಂದ 2020ರ ಮಾರ್ಚ್ ಮೊದಲ ವಾರದವರೆಗೆ ಅಲ್ಲಿನ ಅತಿವೇಗದ ರೈಲುಗಳಲ್ಲಿ ಓಡಾಡಿದ್ದ 2,334 ಸೋಂಕಿತರನ್ನೂ ಅವರ ಹತ್ತಿರದ ಸಾಲುಗಳಲ್ಲಿ ಕೂತಿದ್ದ 72,093 ಮಂದಿಯನ್ನೂ ಪತ್ತೆಹಚ್ಚಿ ಲೆಕ್ಕ ಹಾಕಿದರು. ಹತ್ತಿರ ಕೂತವರಲ್ಲಿ ಸೋಂಕು ಬಂದದ್ದು ಸರಾಸರಿ ಶೇ 0.32 ಮಂದಿಗೆ. ಸೋಂಕಿತರ ಮಗ್ಗುಲ ಸೀಟಿನಲ್ಲೇ ಕೂತವರಲ್ಲಿ ಮಾತ್ರ ಅದು ಶೇ 3.5. ಸೋಂಕಿತರು ಎದ್ದುಹೋದ ಮೇಲೆ ಅದೇ ಸೀಟಿನಲ್ಲಿ ಕೂತವರಲ್ಲಿ ಶೇ 0.075. ಜೊತೆಯಲ್ಲಿ ಕಳೆದ ಪ್ರತಿ ಗಂಟೆಗೂ ಅಪಾಯ ಏರುತ್ತಿತ್ತು: ಸುತ್ತಲಿನವರಿಗೆಲ್ಲ ಸರಾಸರಿ 0.15 ಶೇಕಡಾಂಶ, ಮಗ್ಗುಲಿನವರಿಗೆ 1.3 ಶೇಕಡಾಂಶ.

ಈ ಶೇಕಡಾವಾರುಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಅದು ಮೊದಲ ತಳಿಯ ವೈರಸ್. ಆಮೇಲಿನ ತಳಿಗಳು ಹೆಚ್ಚು ಬೇಗ ಹರಡಿದವು, ಮುಂದೆ ಬರುವುದು ಯಾವ ರೋಗವೋ ಗೊತ್ತಿಲ್ಲ. ಅವು ಕೂರುವ ಸೀಟಿನ ರೈಲುಗಳು, ನಿಮ್ಮದು ಮಲಗುವ ಬರ್ತ್. ನೋಡಬೇಕಾದದ್ದು ಅಂಕಿಗಳ ನಡುವಿನ ಅನುಪಾತ. ಮಗ್ಗುಲಿನವರಿಗೂ ಅದೇ ಸೀಟಿನಲ್ಲಿ ಆಮೇಲೆ ಕೂತವರಿಗೂ ಇರುವ ಅಂತರ ಹೆಚ್ಚುಕಡಿಮೆ 45 ಪಟ್ಟು. ಅಂದರೆ ಸೀಟಿನ ರೆಕ್ಸಿನ್ ಅಪಾಯಕಾರಿಯಲ್ಲ, ಪಕ್ಕದವರ ಉಸಿರು ಅಪಾಯಕಾರಿ. ಮತ್ತು ಗಂಟೆಗಳು ಎಣಿಕೆಗೆ ಬರುತ್ತವೆ.

ಇದರಿಂದ ಔಷಧಿ ಸಿಂಪಡಣೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೋವಿಡ್ ವೈರಸ್ ಇರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಸೋಂಕು ಬರುವ ಸಂಭವ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಹಿಡಿಕೆ, ನಲ್ಲಿ, ಶೌಚಾಲಯದ ಚಿಲಕ ಒರೆಸುವುದು ಒಳ್ಳೆಯದೇ. ಭೇದಿ ತರುವ ರೋಗಾಣುಗಳಿಗೆ ಅದೇ ಮುಖ್ಯ ತಡೆ. ಆದರೆ ಹೊಗೆಯಂತೆ ಸೋಂಕುನಾಶಕ ಹಾರಿಸುವುದು ನೋಡಲಿಕ್ಕೆ ಚೆಂದ, ಅಷ್ಟೇ. ನಿಮ್ಮ ತಾಯಿಯಂಥವರಿಗೆ ಅದು ಕೆಡುಕು ಕೂಡ: ಹೈಪೋಕ್ಲೋರೈಟ್ ಆವಿ ಮುಚ್ಚಿದ ಬೋಗಿಯಲ್ಲಿ ಉಳಿದರೆ ಶ್ವಾಸನಾಳ ಕೆರಳುತ್ತದೆ. ಕ್ಲೋರಿನ್ ವಾಸನೆ ಮೂಗಿಗೆ ಬಡಿದರೆ ಒಳಗೆ ಹೋಗಿ ಕೂರುವ ಅವಸರ ಬೇಡ, ಬಾಗಿಲು ತೆರೆಸಿ ಸ್ವಲ್ಪ ಹೊತ್ತು ಹೊರಗೇ ನಿಲ್ಲಿ.

ಜ್ವರ ತಪಾಸಣೆಯೂ ಹೆಚ್ಚು ಕಡಿಮೆ ಅದೇ ಸಾಲಿಗೆ ಸೇರುತ್ತದೆ. ಕೋವಿಡ್ ತಗಲಿದವರು ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಸುಮಾರು ಎರಡು ದಿನ ಮೊದಲೇ ಹರಡಲು ಶುರು ಮಾಡುತ್ತಿದ್ದರು. ಕೆಲವರಿಗೆ ಜ್ವರವೇ ಬರುತ್ತಿರಲಿಲ್ಲ. ಹಣೆಗೆ ಹಿಡಿಯುವ ಥರ್ಮಾಮೀಟರ್ ಬಿಸಿಲಿನಿಂದ ಬಂದವರನ್ನು ತಡೆಯುತ್ತದೆ, ಜ್ವರದ ಮಾತ್ರೆ ನುಂಗಿ ಬಂದವರನ್ನು ಬಿಡುತ್ತದೆ. ಅದಕ್ಕಾಗಿ ನಿಲ್ದಾಣದ ಬಾಗಿಲಲ್ಲಿ ಒತ್ತೊತ್ತಾಗಿ ಸಾಲು ನಿಲ್ಲಿಸಿದರೆ ತಪಾಸಣೆಯೇ ಹರಡುವ ಜಾಗವಾದೀತು. ಲಕ್ಷಣ ಬಂದ ಮೇಲೆಯೇ ಹರಡುವ ರೋಗವಾದರೆ ಮಾತ್ರ ಜ್ವರ ನೋಡುವುದಕ್ಕೆ ಬೆಲೆಯಿದೆ.

ಇನ್ನು ಎಸಿ. ನಿಮಗೆ ಎರಡು ಕಡೆಯಿಂದ ಬಂದ ಮಾತುಗಳಲ್ಲಿ ಎರಡೂ ಅರ್ಧ ಸತ್ಯ.

ಎಸಿ ಬೋಗಿಯಲ್ಲಿ ಸಾಮಾನ್ಯವಾಗಿ ಛಾವಣಿಯ ಮೇಲೆ ತಂಪು ಮಾಡುವ ಘಟಕ ಇರುತ್ತದೆ. ಅದು ಒಳಗಿನ ಗಾಳಿಯನ್ನು ಜಾಲರಿಯ ಮೂಲಕ ಎಳೆದುಕೊಂಡು, ಹೊರಗಿನ ಸ್ವಲ್ಪ ತಾಜಾ ಗಾಳಿ ಬೆರೆಸಿ, ಫಿಲ್ಟರ್ ಮತ್ತು ತಂಪು ಸುರುಳಿಯ ಮೂಲಕ ದಾಟಿಸಿ ಗಾಳಿ ಸಾಗಿಸುವ ಕೊಳವೆಯಾದ ಡಕ್ಟ್‌ನಲ್ಲಿ ಮತ್ತೆ ಬೋಗಿಗೆ ಬಿಡುತ್ತದೆ. ಒಂದು ತುದಿಯಲ್ಲಿ ಕೆಮ್ಮಿದ್ದು ಡಕ್ಟ್ ಹಿಡಿದು ಇನ್ನೊಂದು ತುದಿಗೆ ಬರುವುದು ಸುಳ್ಳಲ್ಲ. ಆದರೆ ಬರುವಷ್ಟರಲ್ಲಿ ಅದು ಇಡೀ ಬೋಗಿಯ ಗಾಳಿಯಲ್ಲಿ ತೆಳುವಾಗಿರುತ್ತದೆ. ಹಾಗಾಗಿ ಅದಕ್ಕಿಂತ ಮಗ್ಗುಲಿನವರ ಉಸಿರೇ ಎಷ್ಟೋ ದೊಡ್ಡ ಅಪಾಯ. ತಾಜಾ ಗಾಳಿ ಕಡಿಮೆಯಿದ್ದರೆ ಮಾತ್ರ ಆ ತೆಳುವಾದದ್ದು ಗಂಟೆಗಟ್ಟಲೆ ಶೇಖರವಾಗುತ್ತದೆ, ಆಗ ದೂರದ ಬರ್ತ್ ಕೂಡ ದೂರವಲ್ಲ.

ಎಷ್ಟು ತಾಜಾ ಗಾಳಿ ಸಾಕು? ಮನೆ, ಕಚೇರಿಯಂಥ ಕಡೆ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ಕೊಟ್ಟಿತು. ರೈಲಿನವರು ಈ ಭಾಷೆಯಲ್ಲಿ ಮಾತನಾಡುವುದಿಲ್ಲ, ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎಂದು ಹೇಳುತ್ತಾರೆ. ಜಪಾನಿನ ಅತಿವೇಗದ ರೈಲು ಶಿಂಕಾನ್‌ಸೆನ್‌ನಲ್ಲಿ ಆರರಿಂದ ಎಂಟು ನಿಮಿಷಕ್ಕೊಮ್ಮೆ ಗಾಳಿ ಪೂರ್ತಿ ಬದಲಾಗುತ್ತದೆ ಎಂದು ಅಲ್ಲಿನ ಸಂಸ್ಥೆಗಳು ಪ್ರಚಾರ ಮಾಡಿದವು. ಭಾರತೀಯ ರೈಲ್ವೆ 2020ರಲ್ಲಿ ರಾಜಧಾನಿ ಮಾರ್ಗದ ಎಸಿ ಬೋಗಿಗಳಲ್ಲಿ ಗಾಳಿ ಬದಲಾವಣೆಯನ್ನು ಗಂಟೆಗೆ 6–8 ಸಲದಿಂದ 16–18 ಸಲಕ್ಕೆ ಏರಿಸಿದೆವು ಎಂದು ಹೇಳಿತು. ಹೊರಗಿನ ಬಿಸಿ ಗಾಳಿ ಹೆಚ್ಚು ಬರುವುದರಿಂದ ಒಳಗಿನ ತಾಪಮಾನವನ್ನು 23ರ ಬದಲು 25 ಡಿಗ್ರಿಗೆ ಇಡಬೇಕಾಯಿತು.

ಕೇಳಲಿಕ್ಕೆ ಇದು ದೊಡ್ಡ ಅಂಕಿ. ಎಷ್ಟೋ ಮನೆಗಳಲ್ಲಿ ಗಂಟೆಗೆ ಒಂದು ಸಲವೂ ಗಾಳಿ ಬದಲಾಗುವುದಿಲ್ಲ. ಆದರೆ ರೈಲಿನಲ್ಲಿ ಒಂದು ತಲೆಯ ಪಾಲಿಗೆ ಬರುವ ಜಾಗವೇ ಚಿಕ್ಕದು. ಉದ್ದ ಪ್ರಯಾಣದ ಒಂದು ಬೋಗಿಯೊಳಗೆ ಸುಮಾರು 130 ಘನ ಮೀಟರ್ ಗಾಳಿ, 72 ಬರ್ತ್ ಎಂದಿಟ್ಟುಕೊಳ್ಳಿ. ಬದಲಾಗುವುದೆಲ್ಲ ತಾಜಾ ಗಾಳಿಯೇ ಆದರೂ, ಗಂಟೆಗೆ 12 ಸಲಕ್ಕೆ ಒಟ್ಟು 1,560 ಘನ ಮೀಟರ್. ತಲೆಗೆ ಸೆಕೆಂಡಿಗೆ 6 ಲೀಟರ್. 16 ಸಲವಾದರೆ 8 ಲೀಟರ್. 10 ಲೀಟರ್ ಮುಟ್ಟಬೇಕಾದರೆ ಗಂಟೆಗೆ 20 ಸಲ ಬೇಕು. ಆದ್ದರಿಂದ "ಗಂಟೆಗೆ ಇಷ್ಟು ಸಲ" ಎಂಬ ಜಾಹೀರಾತು ನೋಡಿದಾಗ ಎರಡು ಪ್ರಶ್ನೆ ಕೇಳಿ: ಅದರಲ್ಲಿ ತಾಜಾ ಎಷ್ಟು, ತಿರುಗಿ ಬರುವುದೆಷ್ಟು? ಬೋಗಿ ತುಂಬಿದಾಗಿನ ಲೆಕ್ಕವೋ, ಖಾಲಿಯಿದ್ದಾಗಿನದೋ?

ತಿರುಗಿ ಬರುವ ಗಾಳಿಯೂ ವ್ಯರ್ಥವಲ್ಲ, ಫಿಲ್ಟರ್ ಒಳ್ಳೆಯದಿದ್ದರೆ. ಬೋಗಿಗಳಲ್ಲಿ ಸಾಮಾನ್ಯವಾಗಿ ಇರುವುದು ಧೂಳು, ನಾರು ತಡೆಯುವ ಒರಟು ಫಿಲ್ಟರ್. ಉಸಿರಿನ ಸಣ್ಣ ಹನಿಗಳು ಅದರಲ್ಲಿ ಸಲೀಸಾಗಿ ನುಸುಳುತ್ತವೆ. ಮರ್ವ್ 13 ದರ್ಜೆಯದು (ಮರ್ವ್ ಎಂದರೆ ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಎಂಬುದರ ಅಳತೆ) ಹಾಕಿದರೆ 1ರಿಂದ 3 ಮೈಕ್ರಾನ್ ಕಣಗಳಲ್ಲಿ ಶೇ 85ರಷ್ಟನ್ನಾದರೂ ಹಿಡಿಯಬೇಕು, ಅದಕ್ಕಿಂತ ಸಣ್ಣವುಗಳಲ್ಲಿ ಕನಿಷ್ಠ ಅರ್ಧ. ಹಾಗಾದರೆ ಎಲ್ಲ ಬೋಗಿಗೂ ಹಾಕಬಹುದಲ್ಲ ಎಂದರೆ, ಅಲ್ಲೇ ತೊಡಕು. ಸಣ್ಣ ಕಣ್ಣಿನ ಫಿಲ್ಟರ್ ಗಾಳಿಗೆ ಹೆಚ್ಚು ಅಡ್ಡಿ ಮಾಡುತ್ತದೆ. ಹಳೆಯ ಬ್ಲೋವರ್ ಅದನ್ನು ತಳ್ಳಲಾರದೆ ಗಾಳಿಯ ಹರಿವು ಇಳಿಯುತ್ತದೆ. ಹರಿವು ಇಳಿದರೆ ತಂಪು ಸುರುಳಿಯ ಮೇಲೆ ಮಂಜು ಕಟ್ಟುತ್ತದೆ. ಮಂಜು ಕಟ್ಟಿದರೆ ಹರಿವು ಇನ್ನೂ ಇಳಿಯುತ್ತದೆ. ಚೌಕಟ್ಟಿನ ಅಂಚಿನಲ್ಲಿ ಒಂದು ಬೆರಳಿನಷ್ಟು ಸಂದು ಉಳಿದರೂ ಗಾಳಿ ಫಿಲ್ಟರನ್ನು ಬಿಟ್ಟು ಆ ಸಂದಿನಲ್ಲೇ ಹೋಗುತ್ತದೆ, ಏಕೆಂದರೆ ಅದಕ್ಕೆ ಅದೇ ಸುಲಭದ ದಾರಿ.

ಇನ್ನೊಂದು ದೋಷ ಹೊರಗಿನಿಂದ ಕಾಣದು. ಕಡುಬೇಸಗೆಯಲ್ಲಿ "ಬೋಗಿ ತಂಪಾಗುತ್ತಿಲ್ಲ" ಎಂದು ದೂರು ಬಂದಾಗ, ತಾಜಾ ಗಾಳಿಯ ಡ್ಯಾಂಪರನ್ನು, ಅಂದರೆ ಹೊರಗಿನ ಗಾಳಿ ಬರುವ ದಾರಿಯ ಮುಚ್ಚಳವನ್ನು, ಮುಚ್ಚಿಬಿಡುವುದೇ ಕೆಲಸಗಾರರಿಗೆ ಬೇಗ ತೋಚುವ ಪರಿಹಾರ. ಐದೇ ನಿಮಿಷದಲ್ಲಿ ತಂಪಾಗುತ್ತದೆ, ದೂರು ನಿಲ್ಲುತ್ತದೆ. ಆಮೇಲೆ ಅದನ್ನು ತೆರೆಯಲು ಯಾರಿಗೂ ನೆನಪಿರುವುದಿಲ್ಲ. ಒಳಗೆ ಕೂತವರಿಗೆ ಚಳಿ ಚಳಿಯಾಗಿ ಹಿತವಾಗಿರುತ್ತದೆ, ಆದರೆ ರಾತ್ರಿಯಿಡೀ ಎಲ್ಲರೂ ಎಲ್ಲರ ಉಸಿರನ್ನೇ ಉಸಿರಾಡುತ್ತಿರುತ್ತಾರೆ. ತಂಪಿಗೂ ತಾಜಾತನಕ್ಕೂ ಸಂಬಂಧವಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಹಾಗಾದರೆ ಕಿಟಕಿ ತೆರೆಯುವ ಬೋಗಿಯೇ ವಾಸಿಯೇ? ರೈಲು ಓಡುತ್ತಿದ್ದು, ಕಿಟಕಿ ತೆರೆದಿದ್ದರೆ ಯಾವ ಎಸಿ ಯಂತ್ರವೂ ಅದಕ್ಕೆ ಸಾಟಿಯಲ್ಲ. ಆದರೆ ರಾತ್ರಿ ಚಳಿಗೋ ಮಳೆಗೋ ಕಳ್ಳರ ಭಯಕ್ಕೋ ಎಲ್ಲ ಷಟರ್ ಎಳೆದುಬಿಟ್ಟರೆ, ಆ ಬೋಗಿಯಲ್ಲಿ ಹೊರಗಿನ ಗಾಳಿ ತಳ್ಳುವ ಯಂತ್ರವೇ ಇಲ್ಲ. ಛಾವಣಿಯ ಫ್ಯಾನ್ ಇದ್ದ ಗಾಳಿಯನ್ನೇ ಕಲಕುತ್ತದೆ. ಮುಚ್ಚಿದ ಸಾಧಾರಣ ಬೋಗಿ, ಸರಿಯಾಗಿ ನಡೆಯುವ ಎಸಿ ಬೋಗಿಗಿಂತ ಕೆಟ್ಟದ್ದು. ನಿಮ್ಮ ಬದಿಯ ಒಂದು, ಎದುರು ಬದಿಯ ಒಂದು ಕಿಟಕಿ ಅಂಗೈಯಗಲ ತೆರೆದಿದ್ದರೂ ಓಡುವ ರೈಲಿನಲ್ಲಿ ಗಾಳಿ ಅಡ್ಡ ಹಾಯುತ್ತದೆ.

ಇದನ್ನೆಲ್ಲ ಊಹಿಸುತ್ತಾ ಕೂರಬೇಕಾಗಿಲ್ಲ, ಅಳೆಯಬಹುದು. ಅಂಗೈಯಲ್ಲಿ ಹಿಡಿಸುವ ಇಂಗಾಲದ ಡೈಆಕ್ಸೈಡ್ ಮೀಟರ್ ಸಿಗುತ್ತದೆ. ಕೊಳ್ಳುವಾಗ ಎನ್‌ಡಿಐಆರ್, ಅಂದರೆ ಅತಿಗೆಂಪು ಬೆಳಕಿನಿಂದ ಅನಿಲವನ್ನೇ ನೇರವಾಗಿ ಅಳೆಯುವ ಸೆನ್ಸರ್ ಇದೆಯೇ ಎಂದು ನೋಡಿ. ಅಗ್ಗದ ಕೆಲವು ಮೀಟರುಗಳು ಬೇರೆ ಆವಿಗಳನ್ನು ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ, ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕು ಗಾಬರಿ ಬೀಳುತ್ತವೆ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಇರುತ್ತದೆ. ಸುಮ್ಮನೆ ಕೂತವರು ಬಿಡುವ ಪ್ರಮಾಣವನ್ನು ಹಿಡಿದು ಲೆಕ್ಕ ಹಾಕಿದರೆ, ತಲೆಗೆ ಸೆಕೆಂಡಿಗೆ 10 ಲೀಟರ್ ತಾಜಾ ಗಾಳಿಯಿದ್ದಲ್ಲಿ ಮೀಟರ್ 900ರ ಆಸುಪಾಸು ನಿಲ್ಲುತ್ತದೆ. 5 ಲೀಟರ್ ಎಂದರೆ 1,400. 2,000 ದಾಟಿ ಏರುತ್ತಲೇ ಇದ್ದರೆ ಡ್ಯಾಂಪರ್ ಮುಚ್ಚಿದೆ ಎಂದೇ ತಿಳಿಯಿರಿ, ಅಟೆಂಡೆಂಟ್‌ಗೆ ಅಂಕಿ ತೋರಿಸಿ ಹೇಳಿ. ಮೀಟರನ್ನು ಮುಖದಿಂದ ಒಂದು ಮೊಳವಾದರೂ ದೂರ ಇಡಿ, ರೈಲು ಹೊರಟು ಇಪ್ಪತ್ತು ನಿಮಿಷವಾದ ಮೇಲೆ ಓದಿ. ಇದಕ್ಕೆ ಫಿಲ್ಟರ್ ಮಾಡಿದ ಕೆಲಸವಾಗಲಿ, ಮಾಸ್ಕ್ ಮಾಡಿದ ಕೆಲಸವಾಗಲಿ ಕಾಣುವುದಿಲ್ಲ. ಇದು ಹೇಳುವುದು ತಾಜಾ ಗಾಳಿಯ ವಿಷಯ ಮಾತ್ರ.

ಜನ ಗಮನಿಸದ ಗಳಿಗೆಯೆಂದರೆ ರೈಲು ನಿಂತಿರುವ ಹೊತ್ತು. ಎಂಜಿನ್ ಬದಲಾಯಿಸುವಾಗಲೋ ವಿದ್ಯುತ್ ಹೋದಾಗಲೋ ಎಸಿ ನಿಲ್ಲುತ್ತದೆ. ಬ್ಯಾಟರಿಯ ಮೇಲೆ ನಡೆಯುವ ತುರ್ತು ಫ್ಯಾನು ಇದ್ದರೂ ಅದರ ಬಲ ಅಷ್ಟಕ್ಕಷ್ಟೇ. ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಮೇಲೆ ಹೇಳಿದ ಬೋಗಿ ತುಂಬಿದ್ದು ಗಾಳಿಯಾಟ ಪೂರ್ತಿ ನಿಂತರೆ ನಿಮಿಷಕ್ಕೆ 160 ಪಿಪಿಎಂಗಿಂತ ಹೆಚ್ಚು ಏರುತ್ತದೆ. ಹತ್ತೇ ನಿಮಿಷದಲ್ಲಿ 900 ಇದ್ದದ್ದು 2,500. ಸಾಮಾನು ಎತ್ತಿಡುತ್ತಾ, ಏದುಸಿರು ಬಿಡುತ್ತಾ, ಜೋರಾಗಿ ಮಾತಾಡುತ್ತಾ ಜನ ಒಳಗೆ ನುಗ್ಗುವುದೂ ಆ ಹೊತ್ತಿನಲ್ಲೇ. ರೈಲು ಹೊರಡುವ ನಿಲ್ದಾಣವಾದರೆ ಎಸಿ ಶುರುವಾಗುವವರೆಗೆ ತಾಯಿಯನ್ನು ಪ್ಲಾಟ್‌ಫಾರ್ಮಿನ ತೆರೆದ ಕಡೆಯಲ್ಲೇ ಕೂರಿಸಿ, ನೀವೊಬ್ಬರು ಮೊದಲು ಹತ್ತಿ ಸಾಮಾನು ಜೋಡಿಸಿ, ಕೊನೆಯಲ್ಲಿ ಅವರನ್ನು ಹತ್ತಿಸಿ.

ಸೀಟು ಬಿಟ್ಟು ಸೀಟು ಕೂರಿಸುವುದು ನಿಜವಾಗಿ ಕೆಲಸ ಮಾಡುವ ಕ್ರಮ, ಅದೂ ಜನ ತಿಳಿದಿರುವುದಕ್ಕಿಂತ ಹೆಚ್ಚಾಗಿ. ಬೋಗಿಯಲ್ಲಿ ಅರ್ಧ ಜನ ಎಂದರೆ ಸೋಂಕಿತರು ಇರುವ ಸಂಭವ ಅರ್ಧ, ಅಂಟಿಸಿಕೊಳ್ಳುವವರೂ ಅರ್ಧ, ಯಂತ್ರ ತಳ್ಳುವ ಗಾಳಿ ಮಾತ್ರ ಮೊದಲಿನಷ್ಟೇ. ಹಾಗಾಗಿ ಒಂದು ಬೋಗಿಯಲ್ಲಿ ಹೊಸದಾಗಿ ಸೋಂಕು ತಗಲುವವರ ನಿರೀಕ್ಷಿತ ಸಂಖ್ಯೆ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಮಗ್ಗುಲ ಸೀಟು ಖಾಲಿಯಾದ ಲಾಭ ಇದರ ಮೇಲೆ. ಆದರೆ ಅಷ್ಟೇ ಜನರನ್ನು ಸಾಗಿಸಲು ಎರಡು ಪಟ್ಟು ಬೋಗಿ ಬೇಕು, ಆಗಲೂ ಒಟ್ಟಾರೆ ಸೋಂಕು ಅರ್ಧ. ಬೋಗಿ ಹೆಚ್ಚಿಸದೆ ಸೀಟು ಮಾತ್ರ ಕಡಿತ ಮಾಡಿದರೆ ಜನ ಕಿಕ್ಕಿರಿದ ಬಸ್ಸು, ವ್ಯಾನುಗಳಿಗೆ ಹೋಗುತ್ತಾರೆ. ರೈಲಿನ ದಾಖಲೆ ಚೊಕ್ಕಟ, ಊರಿನ ದಾಖಲೆ ಕೆಟ್ಟದ್ದು. ಬರ್ತ್‌ಗಳ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟುವುದರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಎದುರಿನವರ ಕೆಮ್ಮಿನ ದೊಡ್ಡ ಹನಿ ತಡೆದೀತು; ತೇಲುವ ಸಣ್ಣ ಹನಿ ಸುತ್ತಿ ಬರುತ್ತದೆ, ಡಕ್ಟ್‌ನ ಗಾಳಿ ಬರ್ತ್‌ಗೆ ತಲುಪುವುದು ಕಡಿಮೆಯಾಗುತ್ತದೆ.

ಈಗ ನಿಮ್ಮ ತಾಯಿಯ ವಿಷಯ. ಸಾಂಕ್ರಾಮಿಕ ಉರಿಯುತ್ತಿರುವ ವಾರಗಳಲ್ಲಿ ಮೊದಲು ಬದಲಿಸಬೇಕಾದದ್ದು ಬೋಗಿಯ ದರ್ಜೆಯನ್ನಲ್ಲ, ರಾತ್ರಿ ಪ್ರಯಾಣವನ್ನು. ಕಾರಣ ಮಾಸ್ಕ್. ಮುಖಕ್ಕೆ ಸರಿಯಾಗಿ ಕೂತ ಎನ್95 ಮಾಸ್ಕ್ ಒಳಗೆ ಹೋಗುವ ಕಣಗಳನ್ನು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಹತ್ತು ಗಂಟೆಯೂ ಹಾಕಿದ್ದರೆ ಒಳಹೋದದ್ದು ಒಂದು ಗಂಟೆಯ ಬರಿ ಉಸಿರಿಗೆ ಸಮ. ಊಟ ತಿಂಡಿಗೆಂದು ಒಂದು ಗಂಟೆ ತೆಗೆದರೆ? ಒಂಬತ್ತು ಗಂಟೆ ಹಾಕಿ ಒಳಹೋದದ್ದಕ್ಕಿಂತ ಆ ಒಂದು ಗಂಟೆಯಲ್ಲಿ ಒಳಹೋದದ್ದು ಹೆಚ್ಚು. ಮಲಗಿದಾಗ ಏಳು ಗಂಟೆ ತೆಗೆದರೆ ಮಾಸ್ಕಿನ ಲಾಭ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಶ್ವಾಸಕೋಶದ ತೊಂದರೆ ಇರುವ ಹಿರಿಯರು ಬಿಗಿ ಮಾಸ್ಕ್ ಹಾಕಿಕೊಂಡು ನಿದ್ದೆ ಮಾಡಲಾರರು, ಮಾಡಿಸಲೂ ಬಾರದು. ಹಗಲು ರೈಲಿನಲ್ಲಾದರೆ ಎಚ್ಚರವಿರುತ್ತಾರೆ, ಮಾಸ್ಕ್ ಇರುತ್ತದೆ, ಕಿಟಕಿ ತೆರೆಯುವ ಬೋಗಿಯಾದರೆ ಅದೂ ತೆರೆದಿರುತ್ತದೆ. ಹತ್ತು ಗಂಟೆ ಕೂರುವುದು ಅವರಿಗೆ ಕಷ್ಟವಾದರೆ ನಡುವೆ ಇಳಿದು ಒಂದು ರಾತ್ರಿ ತಂಗಿ ಎರಡು ಕಂತಿನಲ್ಲಿ ಹೋಗುವುದು ಖರ್ಚಾದರೂ ಮೇಲು. ಉದ್ದಕ್ಕೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಸಿ.

ಮಾಸ್ಕ್ ಕೊಳ್ಳುವಾಗ ಕಿವಿಗಿಂತ ತಲೆಯ ಹಿಂದೆ ಪಟ್ಟಿ ಬರುವುದು ಒಳ್ಳೆಯದು. ಹಾಕಿದ ಮೇಲೆ ಅಂಚಿಗೆ ಕೈಯಿಟ್ಟು ಜೋರಾಗಿ ಉಸಿರು ಬಿಡಿಸಿ ನೋಡಿ. ಮೂಗಿನ ಬಳಿ ಗಾಳಿ ಬಂದರೆ, ಕನ್ನಡಕ ಮಬ್ಬಾದರೆ ಕೂತಿಲ್ಲ ಎಂದರ್ಥ. ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಳ್ಳುವ ಅಥವಾ ಆಮ್ಲಜನಕ ಬೇಕಾಗುವ ರೋಗಿಯಾದರೆ, ಅವರ ವೈದ್ಯರನ್ನು ಕೇಳದೆ ಹಾಕಿಸಬೇಡಿ. ಮನೆಯಲ್ಲೇ ಎರಡು ಗಂಟೆ ಹಾಕಿಸಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನೋಡಿಕೊಂಡು ರೂಢಿ ಮಾಡಿಸಿ. ರೈಲಿನಲ್ಲಿ ಎಲ್ಲರೂ ಒಟ್ಟಿಗೆ ಮಾಸ್ಕ್ ತೆಗೆಯುವುದು ಊಟದ ಹೊತ್ತಿನಲ್ಲಿ. ಅದಕ್ಕೆ ಒಂದು ಗಂಟೆ ಮೊದಲೇ ಅವರ ಊಟ ಮುಗಿಸಿ.

ರಾತ್ರಿಯೇ ಹೋಗದೆ ವಿಧಿಯಿಲ್ಲ ಎಂದಾದರೆ ಬಾಗಿಲು ಮುಚ್ಚುವ ಎರಡು ಅಥವಾ ನಾಲ್ಕು ಬರ್ತಿನ ಕೋಣೆಯನ್ನು ಮನೆಯವರೇ ತುಂಬುವ ಹಾಗೆ ನೋಡಿ. ಮಗ್ಗುಲಿನ ಅಪರಿಚಿತರು ಇಲ್ಲವಾಗುವುದೇ ಅಲ್ಲಿಯ ದೊಡ್ಡ ಲಾಭ, ಡಕ್ಟ್ ಒಂದು ಮಾತ್ರ ಹಂಚಿಕೆ. ಆ ಕೋಣೆಯ ಗಾಳಿ ಹತ್ತು ಘನ ಮೀಟರಿಗೆ ಮೇಲಿರುವುದಿಲ್ಲ. ಗಂಟೆಗೆ 100 ಘನ ಮೀಟರ್ ಶುದ್ಧ ಮಾಡುವ ಹೆಪಾ ಫಿಲ್ಟರಿನ (ಅತಿ ಸಣ್ಣ ಕಣಗಳನ್ನೂ ಹಿಡಿಯುವಂಥದ್ದು) ಸಣ್ಣ ಶುದ್ಧೀಕರಣ ಯಂತ್ರ ಅಲ್ಲಿ ಸೆಕೆಂಡಿಗೆ 28 ಲೀಟರಿನ ಕೆಲಸ ಮಾಡುತ್ತದೆ. ತೆರೆದ ಬೋಗಿಯಲ್ಲಿ ಅದನ್ನು ಇಟ್ಟರೆ ಏನೂ ಸಿಗದು. ಬೋಗಿಯ ಸಾಕೆಟ್ ಮೊಬೈಲಿಗೆಂದು ಮಾಡಿದ್ದು. ಯಂತ್ರ ಎಷ್ಟು ವಾಟ್ ಎಳೆಯುತ್ತದೆ, ಸಾಕೆಟ್ ಎಷ್ಟು ಕೊಡುತ್ತದೆ ನೋಡದೆ ಸಿಕ್ಕಿಸಬೇಡಿ. ಬ್ಯಾಟರಿಯಲ್ಲಿ ನಡೆಯುವುದಾದರೆ ತೊಂದರೆಯಿಲ್ಲ.

ಕಾರು? ಸ್ವಂತ ಕಾರಿನಲ್ಲಿ ಮನೆಯವರೇ ಓಡಿಸಿದರೆ ಸೋಂಕಿನ ಅಪಾಯ ರೈಲಿಗಿಂತ ಖಂಡಿತ ಕಡಿಮೆ. ಆದರೆ ಒಟ್ಟು ಅಪಾಯ ಕಡಿಮೆಯೆಂದು ಹೇಳಲಾರೆ. ಅಷ್ಟೇ ದೂರಕ್ಕೆ ಜೀವದ ಲೆಕ್ಕದಲ್ಲಿ ರಸ್ತೆ ರೈಲಿಗಿಂತ ಎಷ್ಟೋ ಪಟ್ಟು ಅಪಾಯಕಾರಿ, ಅದರಲ್ಲೂ ರಾತ್ರಿ ಎರಡರಿಂದ ಬೆಳಗಿನ ಐದರ ನಡುವೆ ಸ್ಟಿಯರಿಂಗ್ ಮುಂದೆ ಕೂತವರಿಗೆ ಕಣ್ಣು ಎಳೆಯುವ ಹೊತ್ತಿನಲ್ಲಿ. ಬಾಡಿಗೆ ಕಾರು ಬಾಡಿಗೆ ಚಾಲಕ ಎಂದರೆ ಸೋಂಕಿನ ಲಾಭವೂ ಇಲ್ಲ: ಮೂರು ಘನ ಮೀಟರ್ ಗಾಳಿಯಲ್ಲಿ, ಎಸಿಯನ್ನು ಒಳಗಿನ ಗಾಳಿಗೇ ತಿರುಗಿಸಿಟ್ಟುಕೊಂಡು ಹತ್ತು ಗಂಟೆ ಒಬ್ಬ ಅಪರಿಚಿತರ ಜೊತೆ. ಹಾಗೆ ಹೋಗಬೇಕಾಗಿ ಬಂದರೆ ಎಸಿಯನ್ನು ಹೊರಗಾಳಿಗೆ ಹಾಕಿಸಿ, ಎದುರು ಬದುರು ಮೂಲೆಯ ಎರಡು ಗಾಜುಗಳನ್ನು ಎರಡು ಬೆರಳಿನಷ್ಟು ಇಳಿಸಿ. ಈ ಒಂದು ಕಾರಣಕ್ಕಾಗಿಯೇ ಸಾಲ ಮಾಡಿ ಕಾರು ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಬೇಡದ ಕೆಲಸ.

ಏಕೆಂದರೆ ನಿಮ್ಮ ಎರಡನೆಯ ಭಯಕ್ಕೆ, ರೈಲೇ ಇರದಿದ್ದರೆ ಎಂಬುದಕ್ಕೆ, ಕಾರು ಸರಿಯಾದ ಮದ್ದಲ್ಲ. ಭಾರತದಲ್ಲಿ 2020ರ ಮಾರ್ಚ್ 22ರಂದು ಪ್ರಯಾಣಿಕ ರೈಲುಗಳು ನಿಂತವು, ಸರಕು ರೈಲುಗಳು ಓಡಿದವು. ವಲಸೆ ಕಾರ್ಮಿಕರಿಗಾಗಿ ಶ್ರಮಿಕ್ ವಿಶೇಷ ರೈಲುಗಳು ಮೇ 1ರಿಂದ, ಎಲ್ಲರಿಗೂ 15 ಜೋಡಿ ರೈಲುಗಳು ಮೇ 12ರಿಂದ, 200 ರೈಲುಗಳು ಜೂನ್ 1ರಿಂದ. ಅಂದರೆ ಸಾಮಾನ್ಯ ಪ್ರಯಾಣಿಕರಿಗೆ ಸುಮಾರು ಏಳು ವಾರ ರೈಲಿರಲಿಲ್ಲ. ಆ ವಾರಗಳಲ್ಲಿ ರಸ್ತೆಗಳಿಗೂ ತಡೆಯಿತ್ತು. ರೋಗ ಇನ್ನೂ ಒಂದು ಊರಿನಲ್ಲಿದ್ದಾಗ ಅಲ್ಲಿನ ರೈಲು ನಿಲ್ಲಿಸಿದರೆ ಉಳಿದ ಊರುಗಳಿಗೆ ಸಿದ್ಧವಾಗಲು ಸಮಯ ಸಿಗುತ್ತದೆ. 2020ರ ಜನವರಿ 23ರಂದು ವುಹಾನ್ ಮುಚ್ಚಿದ್ದರ ಹಿಂದೆ ಅದೇ ಲೆಕ್ಕ. 1918ರ ಇನ್‌ಫ್ಲುಯೆಂಜಾ ಬಾಂಬೆಯಿಂದ ಒಳನಾಡಿಗೆ ಹೋದದ್ದು ರೈಲು ಹಳಿಗಳನ್ನೇ ಹಿಡಿದು. ಎಲ್ಲ ಕಡೆ ಹರಡಿದ ಮೇಲೆ ನಿಲ್ಲಿಸಿದರೆ ಲಾಭ ತೀರಾ ಕಡಿಮೆ, ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡುವ ಕಷ್ಟ ಮಾತ್ರ ದೊಡ್ಡದು.

ಆ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ರೈಲಿನ ಖರ್ಚಿನಲ್ಲಿ ಹೆಚ್ಚಿನದು ಹಳಿ, ಸಿಗ್ನಲ್, ಬೋಗಿ, ಸಿಬ್ಬಂದಿಯದು. ಜನ ಹತ್ತಿದರೂ ಹತ್ತದಿದ್ದರೂ ಅದು ಇದ್ದೇ ಇರುತ್ತದೆ. ಹೆಚ್ಚುವರಿಯಾಗಿ ಒಂದು ರೈಲು ನಿಲ್ಲಿಸಿದರೆ ಉಳಿಯುವ ಹಣ ಸ್ವಲ್ಪವೇ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಲ್ಲಿ ಪ್ರಯಾಣಿಕರು ಹಿಂದಿನ ಇಪ್ಪತ್ತನೇ ಒಂದು ಪಾಲಿಗೆ ಇಳಿದಾಗ, ನಷ್ಟವನ್ನು ಸರ್ಕಾರವೇ ಹೊತ್ತು ರೈಲು ಓಡಿಸಿತು. ಅಲ್ಲಿ ಪೆಟ್ಟು ಬಿದ್ದದ್ದು ಬೇರೆ ಕಡೆ: ಚಾಲಕರ ತರಬೇತಿಗೆ ಇಬ್ಬರು ಕ್ಯಾಬಿನ್ನಿನಲ್ಲಿ ಕೂರಬೇಕು, ಅದು ನಿಂತಿತು, ಆಮೇಲೆ ಚಾಲಕರ ಕೊರತೆಯಾಗಿ ರೈಲುಗಳು ರದ್ದಾದವು. ಅಮೆರಿಕದ ಆಮ್‌ಟ್ರ್ಯಾಕ್ 2020ರ ಅಕ್ಟೋಬರ್‌ನಲ್ಲಿ ದೂರದ ರೈಲುಗಳಲ್ಲಿ ಹೆಚ್ಚಿನವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿತು. ಸ್ಪೇನ್‌ನಲ್ಲಿ 2020ರ ಮಾರ್ಚ್‌ನಲ್ಲಿ ನಿಂತ ಟ್ರೆನ್‌ಹೋಟೆಲ್ ರಾತ್ರಿ ರೈಲುಗಳು ಮತ್ತೆ ಬರಲೇ ಇಲ್ಲ. ಮೊದಲೇ ನಷ್ಟದಲ್ಲಿದ್ದ ರೈಲಿಗೆ ಸಾಂಕ್ರಾಮಿಕ ಒಳ್ಳೆಯ ನೆಪ.

ಆದರೆ ರೈಲಿನ ಕಾಲ ಮುಗಿಯಿತು ಎಂದು ಆಗ ಹೇಳಿದವರ ಮಾತು ಸುಳ್ಳಾಯಿತು. ಆಮ್‌ಟ್ರ್ಯಾಕ್ 2021ರ ಹಣಕಾಸು ವರ್ಷದಲ್ಲಿ 1.22 ಕೋಟಿ ಪ್ರಯಾಣಗಳಿಗೆ ಕುಸಿದು, 2024ರಲ್ಲಿ 3.28 ಕೋಟಿ ಮುಟ್ಟಿ ಹಳೆಯ ದಾಖಲೆ ಮುರಿಯಿತು. ಫ್ರಾನ್ಸ್ 2021ರ ಮೇ ತಿಂಗಳಲ್ಲಿ ಪ್ಯಾರಿಸ್–ನೀಸ್ ರಾತ್ರಿ ರೈಲನ್ನು ಮರಳಿ ತಂದಿತು. ಆಸ್ಟ್ರಿಯಾದ ನೈಟ್‌ಜೆಟ್ 2023ರ ಡಿಸೆಂಬರ್‌ನಿಂದ ಒಬ್ಬೊಬ್ಬರೇ ಮಲಗುವ ಪುಟ್ಟ ಗೂಡುಗಳ ಬೋಗಿ ಓಡಿಸುತ್ತಿದೆ. ಬದಲಾದದ್ದು ದಿನದ ಕಚೇರಿ ಓಡಾಟ. ಬ್ರಿಟನ್ 2021ರಲ್ಲಿ 28 ದಿನಗಳಲ್ಲಿ ಯಾವುದಾದರೂ 8 ದಿನ ಓಡಾಡುವ ಪಾಸ್ ತಂದದ್ದು ಅದಕ್ಕಾಗಿಯೇ.

ನನಗೆ ಇರುವ ಆತಂಕ ಬೋಗಿಗಳದು. ಈಗ ಕಾರ್ಖಾನೆಯಿಂದ ಹೊರಬರುವ ಬೋಗಿ ಮೂವತ್ತು ವರ್ಷಕ್ಕೂ ಹೆಚ್ಚು ಓಡುತ್ತದೆ. ಹೊಸ ಬೋಗಿಗಳಲ್ಲಿ ಕೆಲವಕ್ಕೆ ಇಂಗಾಲದ ಡೈಆಕ್ಸೈಡ್ ಸೆನ್ಸರ್ ನೋಡಿಕೊಂಡು ತಾನೇ ತೆರೆಯುವ, ಮುಚ್ಚುವ ಡ್ಯಾಂಪರ್ ಇರುತ್ತದೆ. ವಿದ್ಯುತ್ ಉಳಿಸಲು ಒಳ್ಳೆಯದು. ಆದರೆ ಜನ ಅರ್ಧವಾದಾಗ ಅದು ಗಾಳಿಯನ್ನೂ ಅರ್ಧಕ್ಕೆ ಇಳಿಸುತ್ತದೆ, ಸೀಟು ಬಿಟ್ಟು ಕೂರಿಸಿದ ಲಾಭವನ್ನು ಸದ್ದಿಲ್ಲದೆ ತಿನ್ನುತ್ತದೆ: ಕಾಲುಭಾಗಕ್ಕೆ ಇಳಿಯಬೇಕಿದ್ದ ಹೊಸ ಸೋಂಕು ಅರ್ಧದಲ್ಲೇ ನಿಲ್ಲುತ್ತದೆ. ಸಾಂಕ್ರಾಮಿಕದಲ್ಲಿ ಅದನ್ನು ಪೂರ್ತಿ ತೆರೆದಿಡುವ ಒಂದು ಸ್ವಿಚ್ ಬೇಕು. ವಿನ್ಯಾಸದ ಹಂತದಲ್ಲಿ ಕೇಳಿದರೆ ಬಹಳ ಖರ್ಚಿಲ್ಲದೆ ಬರುತ್ತದೆ, ಆಮೇಲೆ ಹಾಕಿಸುವುದು ತಲೆನೋವು.

ನೀವು ಈಗಲೇ ಮಾಡಬಹುದಾದದ್ದು: ಎರಡು ತಿಂಗಳಿಗೆ ಸಾಕಾಗುವ ಔಷಧಿ ಮನೆಯಲ್ಲಿರಲಿ, ಮುಗಿಯುವ ದಿನಾಂಕ ನೋಡಿ ಹಳೆಯದನ್ನು ಮೊದಲು ಬಳಸಿ. ತಜ್ಞರ ಹತ್ತಿರ ಈಗಲೇ ಮಾತನಾಡಿ, ರೈಲು ನಿಂತರೆ ಯಾವ ತಪಾಸಣೆಯನ್ನು ಹತ್ತಿರದ ವೈದ್ಯರಲ್ಲಿ ಮಾಡಿಸಬಹುದು, ಯಾವುದನ್ನು ಮುಂದೂಡಬಹುದು, ಯಾವ ಲಕ್ಷಣ ಕಂಡರೆ ಕಾಯಬಾರದು ಎಂದು ಬರೆಸಿಕೊಳ್ಳಿ. ಒಂದು ಭೇಟಿಯನ್ನು ವಿಡಿಯೋ ಕರೆಯಲ್ಲಿ ಮಾಡಿ ನೋಡಿ, ಅಡಚಣೆಗಳು ಆಗಲೇ ಗೊತ್ತಾಗುತ್ತವೆ. ಮುಂದಿನ ಸಲ ಹೋಗುವಾಗ ಮೀಟರ್ ಒಯ್ದು, ಹೊರಡುವ ಮೊದಲು, ಹೊರಟು ಅರ್ಧ ಗಂಟೆಯ ಮೇಲೆ, ಮಧ್ಯರಾತ್ರಿ ಹೀಗೆ ಮೂರು ಸಲ ಓದಿ ರೈಲು, ಬೋಗಿ, ಅಂಕಿ ಬರೆದಿಡಿ. ನಾಲ್ಕಾರು ಪ್ರಯಾಣವಾದ ಮೇಲೆ ನಿಮ್ಮ ಮಾರ್ಗದಲ್ಲಿ ಯಾವ ಬಗೆಯ ಬೋಗಿಯ ಗಾಳಿ ಚೆನ್ನಾಗಿದೆ ಎಂಬುದು ಊಹೆಯಾಗಿ ಉಳಿಯುವುದಿಲ್ಲ. ಯಾವುದಾದರೂ ಬೋಗಿ ಪ್ರತಿ ಸಲವೂ 2,000 ದಾಟಿದರೆ ದಿನಾಂಕ, ರೈಲು ಮತ್ತು ಬೋಗಿ ಸಂಖ್ಯೆಯ ಸಮೇತ ದೂರು ಕೊಡಿ. ಡ್ಯಾಂಪರ್ ಯಾವ ಬೋಗಿಯದು ಎಂದು ಗೊತ್ತಾದರೆ ಡಿಪೋದವರಿಗೆ ಅದನ್ನು ತೆರೆಯುವುದು ಕಷ್ಟದ ಕೆಲಸವಲ್ಲ.